ಇವತ್ತು ಉದುರುವ ಕೂದಲಿಗೆ ಮೂರು ತಿಂಗಳ ಹಿಂದಿನ ಕಾರಣ: ಥೈರಾಯ್ಡ್‌ಗೂ ಜಡೆಗೂ ಏನು ನಂಟು?

ತಲೆಸ್ನಾನ ಮುಗಿಸಿ ನೋಡಿದರೆ ಬಚ್ಚಲಿನ ಜಾಲರಿಯ ಮೇಲೆ ಕೂದಲು ಉಂಡೆಯಾಗಿ ಸುತ್ತಿಕೊಂಡಿರುತ್ತದೆ. ಸಿಕ್ಕು ಬಿಡಿಸಲು ಕೂತರೆ ಬಾಚಣಿಗೆ ತುಂಬ ಇನ್ನೊಂದಿಷ್ಟು. ಎರಡೇ ಸುತ್ತಿಗೆ ಬಿಗಿಯಾಗುತ್ತಿದ್ದ ರಬ್ಬರ್ ಬ್ಯಾಂಡ್ ಈಗ ಮೂರು ಸುತ್ತು ಸುತ್ತಿದರೂ ಜಾರುತ್ತದೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಬೋರ್‌ವೆಲ್ ನೀರು ಅನ್ನುತ್ತಾರೆ ಅಪ್ಪ. ವಾರಕ್ಕೊಮ್ಮೆ ಎಣ್ಣೆ ಹಚ್ಚುವುದು ಬಿಟ್ಟಿದ್ದಕ್ಕೇ ಹೀಗೆ ಅನ್ನುತ್ತಾರೆ ಅಮ್ಮ. ಹೊಸ ಶಾಂಪೂ ಮೇಲೆ ಅನುಮಾನ ತಂಗಿಗೆ. ಕೊನೆಗೆ ಆಫೀಸಿನಲ್ಲೋ ಮದುವೆ ಮನೆಯಲ್ಲೋ ಸಿಕ್ಕವರು ಯಾರಾದರೂ ‘ಒಂದ್ಸಲ ಥೈರಾಯ್ಡ್ ಚೆಕ್ ಮಾಡಿಸ್ಕೊಳ್ಳಿ’ ಅಂದೇ ಅನ್ನುತ್ತಾರೆ.

ಆ ಸಲಹೆಯಲ್ಲಿ ಹುರುಳಿದೆ. ಆದರೆ ಕತ್ತಿನಲ್ಲಿರುವ ಒಂದು ಸಣ್ಣ ಗ್ರಂಥಿಗೂ ನೆತ್ತಿಯ ಮೇಲಿನ ಕೂದಲಿಗೂ ಎಲ್ಲಿಂದೆಲ್ಲಿಯ ಸಂಬಂಧ? ಅದು ಅರ್ಥವಾಗದೆ ಪರೀಕ್ಷೆ ಮಾಡಿಸಿಕೊಂಡವರು ರಿಪೋರ್ಟನ್ನು ತಪ್ಪಾಗಿ ಓದುತ್ತಾರೆ, ಮಾತ್ರೆಯನ್ನು ತಪ್ಪು ಹೊತ್ತಿನಲ್ಲಿ ನಿಲ್ಲಿಸುತ್ತಾರೆ. ಹಾಗಾಗಿ ಬುಡದಿಂದಲೇ ಶುರುಮಾಡೋಣ.

ಒಲೆಯ ಉರಿ ನೋಡಿಕೊಳ್ಳುವ ಗ್ರಂಥಿ

‘ನಂಗೆ ಥೈರಾಯ್ಡ್ ಇದೆ’ ಎಂದು ನಾವು ಕಾಯಿಲೆಯ ಹೆಸರಿನಂತೆ ಹೇಳುತ್ತೇವೆ. ನಿಜವಾಗಿ ಥೈರಾಯ್ಡ್ ಎಲ್ಲರಿಗೂ ಇದೆ. ಗಂಟಲಿನ ಮುಂಭಾಗದಲ್ಲಿ, ಶ್ವಾಸನಾಳದ ಮೇಲೆ ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಆಕಾರದ ಗ್ರಂಥಿ ಅದು. ತೂಕ ಸುಮಾರು 20 ಗ್ರಾಂ. ನಾವು ತಿನ್ನುವ ಉಪ್ಪು, ಮೀನು, ಹಾಲಿನಿಂದ ಬರುವ ಅಯೋಡಿನ್ ಹೀರಿಕೊಂಡು ಅದು ಎರಡು ಹಾರ್ಮೋನು ತಯಾರಿಸುತ್ತದೆ. ನಾಲ್ಕು ಅಯೋಡಿನ್ ಕಣ ಇರುವುದು ಟಿ4, ಮೂರು ಇರುವುದು ಟಿ3. ರಕ್ತದಲ್ಲಿ ಹೆಚ್ಚು ಓಡಾಡುವುದು ಟಿ4. ಜೀವಕೋಶಗಳ ಒಳಗೆ ಹೆಚ್ಚಿನ ಕೆಲಸ ಮಾಡುವುದು, ಅದರಿಂದ ತಯಾರಾಗುವ ಟಿ3.

ಈ ಹಾರ್ಮೋನಿನ ಕೆಲಸವನ್ನು ಒಲೆಯ ಉರಿಗೆ ಹೋಲಿಸಬಹುದು. ದೇಹದ ಪ್ರತಿ ಜೀವಕೋಶವೂ ಒಂದೊಂದು ಅಡುಗೆಮನೆ ಅಂದುಕೊಳ್ಳಿ. ಉರಿ ತೀರಾ ಸಣ್ಣದಾದರೆ ಅನ್ನ ಬೇಯುವುದಿಲ್ಲ: ಸುಸ್ತು, ಚಳಿ, ಮಲಬದ್ಧತೆ, ತೂಕ ಏರುವುದು, ಧ್ವನಿ ಒಡೆಯುವುದು. ಇದು ಹೈಪೋಥೈರಾಯ್ಡಿಸಂ. ಉರಿ ತೀರಾ ದೊಡ್ಡದಾದರೆ ಎಲ್ಲ ಉಕ್ಕಿ ಹೋಗುತ್ತದೆ: ಎದೆ ಡವಡವ, ಕೈ ನಡುಕ, ಬೆವರು, ಚೆನ್ನಾಗಿ ಊಟ ಮಾಡಿದರೂ ತೂಕ ಇಳಿಯುವುದು. ಇದು ಹೈಪರ್‌ಥೈರಾಯ್ಡಿಸಂ. ನಮ್ಮಲ್ಲಿ ಮೊದಲನೆಯದೇ ಹೆಚ್ಚು. ಬೆಂಗಳೂರು ಸೇರಿದಂತೆ ದೇಶದ 8 ನಗರಗಳಲ್ಲಿ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 11ರಷ್ಟು ಜನರಿಗೆ ಹೈಪೋಥೈರಾಯ್ಡಿಸಂ ಇತ್ತು. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಅಲ್ಲಿಯವರೆಗೆ ಅದರ ಸುಳಿವೇ ಇರಲಿಲ್ಲ.

ಹಲಸಿನ ಮರ ಮತ್ತು ತೇಗದ ಮರ

ಈಗ ಕೂದಲಿಗೆ ಬರೋಣ. ಹಿತ್ತಲಿನ ಹಲಸಿನ ಮರವನ್ನು ನೋಡಿ. ವರ್ಷವಿಡೀ ಹಸಿರಾಗಿಯೇ ಇರುತ್ತದೆ, ಆದರೂ ದಿನಾ ಬೆಳಿಗ್ಗೆ ಅದರ ಬುಡದಲ್ಲಿ ಗುಡಿಸಲು ನಾಲ್ಕು ಹಣ್ಣೆಲೆ ಇದ್ದೇ ಇರುತ್ತವೆ. ಬೇರೆ ಬೇರೆ ಎಲೆ ಬೇರೆ ಬೇರೆ ದಿನ ಉದುರುವುದರಿಂದ ಮರ ಬೋಳಾಗುವುದಿಲ್ಲ. ತೇಗದ ಮರ ಹಾಗಲ್ಲ. ಬೇಸಿಗೆ ಬಂತೆಂದರೆ ಎಲ್ಲ ಎಲೆಯೂ ಒಟ್ಟಿಗೆ ಕೆಳಗೆ.

ನಮ್ಮ ತಲೆ ಹಲಸಿನ ಮರದ ಜಾತಿಗೆ ಸೇರಿದ್ದು. ನೆತ್ತಿಯಲ್ಲಿ ಸುಮಾರು 1 ಲಕ್ಷ ಕೂದಲಿವೆ. ಒಂದೊಂದು ಕೂದಲೂ ಚರ್ಮದೊಳಗಿನ ಒಂದೊಂದು ಪುಟ್ಟ ಕುಳಿಯಿಂದ ಹುಟ್ಟುತ್ತದೆ. ಅದಕ್ಕೆ ಕೇಶಕೂಪ ಎಂದು ಹೆಸರು. ಪ್ರತಿ ಕೇಶಕೂಪಕ್ಕೂ ತನ್ನದೇ ಸರದಿ ಇದೆ. ಮೊದಲು ಬೆಳೆಯುವ ಕಾಲ, 2ರಿಂದ 6 ವರ್ಷ. ಆಮೇಲೆ ಎರಡು ಮೂರು ವಾರ ಕೆಲಸ ಮುಚ್ಚುವ ಕಾಲ. ಕೊನೆಗೆ ಸುಮಾರು 3 ತಿಂಗಳ ವಿಶ್ರಾಂತಿ. ವಿಶ್ರಾಂತಿಯಲ್ಲಿರುವ ಕೂದಲು ಬೆಳೆಯುವುದಿಲ್ಲ, ಆದರೆ ತಕ್ಷಣ ಬೀಳುವುದೂ ಇಲ್ಲ. ಕುಳಿಯಲ್ಲಿ ಸುಮ್ಮನೆ ನಿಂತಿರುತ್ತದೆ. ಬುಡದಲ್ಲಿ ಹೊಸ ಕೂದಲು ಚಿಗುರುವ ಹೊತ್ತಿಗೆ ಜಾರಿ ಬೀಳುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಿದರೆ ಮುಂದಿನದೆಲ್ಲ ಸಲೀಸು. ಆರೋಗ್ಯವಂತರಲ್ಲಿ ನೂರಕ್ಕೆ ಹತ್ತರಷ್ಟು ಕೂದಲು ವಿಶ್ರಾಂತಿಯಲ್ಲಿರುತ್ತವೆ, ಅಂದರೆ 10 ಸಾವಿರ. ಅವೆಲ್ಲ 100 ದಿನದಲ್ಲಿ ಉದುರಬೇಕು. ದಿನಕ್ಕೆ 100. ವೈದ್ಯರು ‘ದಿನಕ್ಕೆ 50ರಿಂದ 100 ಕೂದಲು ಉದುರಿದರೆ ಗಾಬರಿ ಬೇಡ’ ಎನ್ನುವುದರ ಹಿಂದಿನ ಗಣಿತ ಇದೇ. ವಾರಕ್ಕೆ ಎರಡೇ ಸಲ ತಲೆಸ್ನಾನ ಮಾಡಿ, ಉಳಿದ ದಿನ ಜಡೆ ಹೆಣೆದುಕೊಳ್ಳುವವರಿಗೆ ಮೂರು ನಾಲ್ಕು ದಿನದ ಬಾಕಿಯೆಲ್ಲ ಒಂದೇ ಸಲ ಕೈಗೆ ಬರುತ್ತದೆ. ಜಾಲರಿಯ ಮೇಲಿನ ಉಂಡೆ ಅದಕ್ಕೇ ಅಷ್ಟು ದೊಡ್ಡದಾಗಿ ಕಾಣುವುದು.

ಯಾವುದೋ ಕಾರಣಕ್ಕೆ ನೂರಕ್ಕೆ ಹತ್ತರ ಬದಲು ಮೂವತ್ತು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋದವು ಎಂದುಕೊಳ್ಳಿ. ಅದೇ ಲೆಕ್ಕದಲ್ಲಿ ಈಗ ದಿನಕ್ಕೆ 300 ಬೀಳುತ್ತವೆ. ಹಲಸಿನ ಮರ ತೇಗದ ಮರವಾದಂತೆ. ಇದಕ್ಕೆ ವೈದ್ಯರು ಟೆಲೋಜನ್ ಎಫ್ಲೂವಿಯಂ ಎನ್ನುತ್ತಾರೆ. ಟೈಫಾಯ್ಡ್, ಡೆಂಗಿಯಂಥ ಜೋರು ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಯಾವುದಾದರೂ ಇದಕ್ಕೆ ಕಾರಣವಾಗಬಹುದು. ಥೈರಾಯ್ಡ್ ಏರುಪೇರು ಅವುಗಳಲ್ಲೊಂದು.

ಇಲ್ಲಿ ನೆನಪಿಡಬೇಕಾದದ್ದು ವಿಶ್ರಾಂತಿಯ ಆ 3 ತಿಂಗಳು. ಏಟು ಬಿದ್ದ ದಿನ ಕೂದಲು ಉದುರುವುದಿಲ್ಲ. ಎರಡು ಮೂರು ತಿಂಗಳು ಕಳೆದು ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಹೊಸ ಶಾಂಪೂ ಬಾಟಲಿ ಕಣ್ಣೆದುರಿಗಿರುತ್ತದೆ. ದೂರು ಅದರ ಮೇಲೆ ಬೀಳುತ್ತದೆ.

ಥೈರಾಯ್ಡ್ ಕೂದಲಿನ ಬುಡದಲ್ಲಿ ಮಾಡುವುದೇನು?

ಕೇಶಕೂಪದ ತಳದಲ್ಲಿ ಒಂದು ಕೋಶರಾಶಿ ಸದಾ ಒಡೆದು ಎರಡಾಗುತ್ತ, ಮೇಲಕ್ಕೆ ತಳ್ಳುತ್ತ ಕೂದಲನ್ನು ಕಟ್ಟುತ್ತಿರುತ್ತದೆ. ಇಡೀ ದೇಹದಲ್ಲಿ ಅತಿ ವೇಗವಾಗಿ ವಿಭಜನೆಯಾಗುವ ಕೋಶಗಳಲ್ಲಿ ಇವೂ ಸೇರಿವೆ. ಅಷ್ಟು ಬಿಡುವಿಲ್ಲದೆ ಕೆಲಸ ಮಾಡುವವರಿಗೆ ಉರಿಯ ಏರುಪೇರು ಬೇಗ ತಟ್ಟುತ್ತದೆ. ಮನುಷ್ಯರ ನೆತ್ತಿಯಿಂದ ತೆಗೆದ ಕೇಶಕೂಪಗಳನ್ನು ಪ್ರಯೋಗಾಲಯದಲ್ಲಿ ಜೀವಂತವಾಗಿಟ್ಟು ಥೈರಾಯ್ಡ್ ಹಾರ್ಮೋನು ಕೊಟ್ಟು ನೋಡಿದ ಸಂಶೋಧನೆಯೊಂದು 2008ರಲ್ಲಿ ಪ್ರಕಟವಾಯಿತು. ಟಿ4 ಕೊಟ್ಟಾಗ ಬೆಳೆಯುವ ಕಾಲ ಉದ್ದವಾಯಿತು, ಬುಡದ ಕೋಶಗಳು ಹೆಚ್ಚು ಚುರುಕಾಗಿ ವೃದ್ಧಿಸಿದವು. ಅಂದರೆ ಈ ಹಾರ್ಮೋನು ನೇರವಾಗಿ ಕೂದಲಿನ ಬುಡದೊಡನೆಯೇ ಮಾತಾಡುತ್ತದೆ.

ಹಾರ್ಮೋನು ಕಡಿಮೆಯಾದಾಗ ಎರಡು ಕಡೆಯಿಂದ ಪೆಟ್ಟು. ಬೆಳೆಯುತ್ತಿದ್ದ ಕೂದಲು ಅವಧಿಗೆ ಮುಂಚೆಯೇ ವಿಶ್ರಾಂತಿಗೆ ಹೋಗುತ್ತದೆ. ವಿಶ್ರಾಂತಿಯಲ್ಲಿದ್ದ ಕೇಶಕೂಪ ಮತ್ತೆ ಕೆಲಸ ಶುರುಮಾಡಲು ತಡಮಾಡುತ್ತದೆ. ಉದುರುವುದು ಹೆಚ್ಚು, ಹುಟ್ಟುವುದು ನಿಧಾನ. ಚರ್ಮದ ಬೆವರು, ಜಿಡ್ಡು ಎರಡೂ ಕಡಿಮೆಯಾಗಿ ಕೂದಲು ಒರಟಾಗಿ, ತೆಂಗಿನ ನಾರಿನಂತೆ ಒಣಗಿ, ಬೇಗ ತುಂಡಾಗುತ್ತದೆ. ಕೆಲವರಲ್ಲಿ ಹುಬ್ಬಿನ ಹೊರತುದಿ, ಕಿವಿಯ ಕಡೆಗಿರುವ ಮೂರನೇ ಒಂದು ಭಾಗ, ತೆಳುವಾಗುತ್ತದೆ. ಹುಬ್ಬು ತಿದ್ದಿಸುವ ಅಭ್ಯಾಸವಿರುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಹಾರ್ಮೋನು ಹೆಚ್ಚಾದಾಗ ಬೆಳವಣಿಗೆ ಜಾಸ್ತಿಯಾಗಬೇಕಿತ್ತಲ್ಲ ಎಂದು ಕೇಳಬಹುದು. ಸಣ್ಣ ಉರಿಯಲ್ಲಿ ಬೇಯದ ಅನ್ನ ದೊಡ್ಡ ಉರಿಯಲ್ಲಿ ತಳ ಹಿಡಿಯುತ್ತದೆ, ಹಾಗೆಯೇ ಇದು. ಸರದಿ ಅವಸರದಲ್ಲಿ ಓಡಿ ಬೆಳೆಯುವ ಕಾಲವೇ ಮೊಟಕಾಗುತ್ತದೆ. ಕೂದಲು ತೀರಾ ನಯವಾಗಿ, ಎಳೆ ತೆಳ್ಳಗಾಗಿ ತಲೆಯ ತುಂಬ ಉದುರುತ್ತದೆ.

ಎರಡರಲ್ಲೂ ಸಾಮಾನ್ಯವಾಗಿ ತಲೆಯ ಎಲ್ಲ ಭಾಗದಲ್ಲೂ ಒಂದೇ ಸಮ ತೆಳುವಾಗುತ್ತದೆ. ಬಿದ್ದ ಕೂದಲನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ತುದಿಯಲ್ಲಿ ಗಸಗಸೆ ಕಾಳಿಗಿಂತ ಚಿಕ್ಕ ಬಿಳಿ ಗಂಟು ಕಾಣುತ್ತದೆ. ‘ಬೇರೇ ಕಿತ್ತು ಬಂತು’ ಎಂದು ಹೆದರುವವರೇ ಹೆಚ್ಚು. ಅದು ಬೇರಲ್ಲ, ವಿಶ್ರಾಂತಿ ಮುಗಿಸಿದ ಕೂದಲಿನ ಒಣಗಿದ ತುದಿ ಅಷ್ಟೆ. ಕೇಶಕೂಪ ಒಳಗೇ ಕ್ಷೇಮವಾಗಿರುತ್ತದೆ. ಬಿಳಿ ಗಂಟಿಲ್ಲದೆ ನಡುವೆ ತುಂಡಾದ ಕೂದಲಾದರೆ ಗಡಸು ನೀರು, ಬಿಸಿ ಯಂತ್ರ, ಬಿಗಿ ಬಾಚಣಿಕೆ ಇತ್ಯಾದಿಯ ಮೇಲೆ ಅನುಮಾನ ಪಡಬಹುದು.

ರಿಪೋರ್ಟ್‌ನಲ್ಲಿ ‘ಜಾಸ್ತಿ’ ಬಂದರೆ ಹಾರ್ಮೋನು ಕಡಿಮೆ

ರಕ್ತ ಪರೀಕ್ಷೆಯಲ್ಲಿ ಮೊದಲು ನೋಡುವುದು ಟಿಎಸ್‌ಎಚ್. ಇದು ಥೈರಾಯ್ಡ್ ತಯಾರಿಸುವ ಹಾರ್ಮೋನಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಆಜ್ಞೆ. ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿ ಇರುವಂತೆ. ಕೆಲಸ ಸರಿಯಾಗಿ ಸಾಗುತ್ತಿದ್ದರೆ ಮೇಸ್ತ್ರಿಯ ದನಿ ಮೆಲ್ಲಗಿರುತ್ತದೆ. ಆಳು ಸುಸ್ತಾಗಿ ಕೂತರೆ ಕೂಗು ಏರುತ್ತದೆ. ಟಿಎಸ್‌ಎಚ್ ಏರಿದೆ ಎಂದರೆ ಮೇಸ್ತ್ರಿ ಕೂಗುತ್ತಿದ್ದಾನೆ, ಅಂದರೆ ಥೈರಾಯ್ಡ್ ಕೆಲಸ ಕಡಿಮೆಯಾಗಿದೆ ಎಂದು ಅರ್ಥ. ‘ನಂಗೆ ಥೈರಾಯ್ಡ್ ಜಾಸ್ತಿ ಬಂದಿದೆ’ ಎನ್ನುವ ಎಷ್ಟೋ ಜನರಿಗೆ ನಿಜವಾಗಿ ಇರುವುದು ಕಡಿಮೆಯೇ.

ಬಹುತೇಕ ಪ್ರಯೋಗಾಲಯಗಳಲ್ಲಿ ವಯಸ್ಕರ ಟಿಎಸ್‌ಎಚ್ ಸುಮಾರು 0.4ರಿಂದ 4 ಅಥವಾ 4.5ರೊಳಗಿದ್ದರೆ ಸರಿ ಎನ್ನುತ್ತಾರೆ; ಗರ್ಭಿಣಿಯರ ಅಳತೆ ಬೇರೆ. ಟಿಎಸ್‌ಎಚ್ ಸ್ವಲ್ಪ ಏರಿ, 6 ಅಥವಾ 7 ಆಗಿ, ಟಿ4 ಮಾತ್ರ ಸರಿಯಾಗಿಯೇ ಇರುವವರು ತುಂಬ ಮಂದಿ. ಇಷ್ಟು ಸಣ್ಣ ಏರುಪೇರೇ ಹಿಡಿಗಟ್ಟಲೆ ಕೂದಲು ಉದುರಿಸುತ್ತಿದೆ ಎಂದು ಹೇಳುವುದು ಕಷ್ಟ. ಕೂದಲಿಗೆ ನಿಚ್ಚಳವಾಗಿ ತಟ್ಟುವುದು ಏರುಪೇರು ದೊಡ್ಡದಾಗಿ, ಬಹುಕಾಲ ಹಾಗೇ ಉಳಿದಾಗ. ರಿಪೋರ್ಟಿನಲ್ಲಿ ದಪ್ಪಕ್ಷರದ ಒಂದು ಸಂಖ್ಯೆ ಕಂಡ ಕೂಡಲೇ ಬೇರೆ ಕಾರಣ ಹುಡುಕುವುದು ನಿಲ್ಲಿಸಿದರೆ ನಷ್ಟ ನಮಗೇ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಕೂದಲಿಗೆಂದು ತೆಗೆದುಕೊಳ್ಳುವ ಬಹಳಷ್ಟು ಮಾತ್ರೆ, ಜೆಲ್ಲಿಗಳಲ್ಲಿ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಇರುತ್ತದೆ. ದಿನಕ್ಕೆ ಬೇಕಾದದ್ದು 30ರಿಂದ 40 ಮೈಕ್ರೋಗ್ರಾಂ. ಈ ಮಾತ್ರೆಗಳಲ್ಲಿ 10,000 ಮೈಕ್ರೋಗ್ರಾಂವರೆಗೂ ಇರುವುದುಂಟು. ಹಲವು ಪ್ರಯೋಗಾಲಯಗಳ ಥೈರಾಯ್ಡ್ ಪರೀಕ್ಷೆಯ ರಾಸಾಯನಿಕದಲ್ಲೂ ಬಯೋಟಿನ್ ಬಳಸುತ್ತಾರೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಪರೀಕ್ಷೆ ದಾರಿ ತಪ್ಪಿ ಟಿಎಸ್‌ಎಚ್ ಕಡಿಮೆಯಾಗಿಯೂ ಟಿ3, ಟಿ4 ಹೆಚ್ಚಾಗಿಯೂ ತೋರಿಸಬಹುದು. ಇಲ್ಲದ ಹೈಪರ್‌ಥೈರಾಯ್ಡಿಸಂ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ; ಇರುವ ಹೈಪೋಥೈರಾಯ್ಡಿಸಂ ಮುಚ್ಚಿಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ರಕ್ತ ಕೊಡುವ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು, ತೆಗೆದುಕೊಳ್ಳುತ್ತಿರುವ ವಿಷಯ ವೈದ್ಯರಿಗೂ ಹೇಳಬೇಕು. ಕೂದಲು ಉದುರುತ್ತಿದೆ ಎಂದು ಪರೀಕ್ಷೆಗೆ ಹೋಗುವವರೇ ಬಯೋಟಿನ್ ನುಂಗುತ್ತಿರುವ ಸಂಭವ ಹೆಚ್ಚು.

ಜೊತೆಗೂಡಿ ಬರುವ ಬೇರೆ ಕಾರಣಗಳು

ಥೈರಾಯ್ಡ್ ಕೂದಲಿಗೆ ಒಂಟಿಯಾಗಿ ಕಾಟ ಕೊಡುವುದಕ್ಕಿಂತ ಜೊತೆಗಾರರನ್ನು ಕಟ್ಟಿಕೊಂಡು ಬರುವುದೇ ಹೆಚ್ಚು. ಮುಖ್ಯ ಜೊತೆಗಾರ ಕಬ್ಬಿಣದ ಕೊರತೆ. ಹೈಪೋಥೈರಾಯ್ಡಿಸಂ ಇದ್ದರೆ ಎಷ್ಟೋ ಹೆಂಗಸರಿಗೆ ಮುಟ್ಟಿನ ರಕ್ತಸ್ರಾವ ಹೆಚ್ಚುತ್ತದೆ. ರಕ್ತ ಹೋದಂತೆ ಕಬ್ಬಿಣ ಹೋಗುತ್ತದೆ. ಕಬ್ಬಿಣ ಕಡಿಮೆಯಾದರೆ ಕೂದಲು ಉದುರುತ್ತದೆ. ಅಷ್ಟೇ ಅಲ್ಲ, ಥೈರಾಯ್ಡ್ ಹಾರ್ಮೋನು ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು, ಹಾಗಾಗಿ ಹಾರ್ಮೋನೂ ಇನ್ನಷ್ಟು ಕುಗ್ಗಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಇಂಥಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿ ಸುಮ್ಮನಾಗುವುದು ಸಾಲದು. ಹಿಮೊಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಸಸ್ಯಾಹಾರಿಗಳಾದರೆ ಬಿ12 ಕೂಡ ನೋಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಎರಡನೆಯದು ರೋಗನಿರೋಧಕ ಶಕ್ತಿಯ ಎಡವಟ್ಟು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಹೈಪೋಥೈರಾಯ್ಡಿಸಂಗೆ ಅತಿ ಸಾಮಾನ್ಯ ಕಾರಣ ಹಶಿಮೊಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಇದನ್ನು ಮೊದಲು ವಿವರಿಸಿದರು. ದೇಹದ ಕಾವಲುಪಡೆಯೇ ಥೈರಾಯ್ಡನ್ನು ಪರಕೀಯ ಎಂದು ತಪ್ಪು ತಿಳಿದು ದಾಳಿ ಮಾಡುತ್ತದೆ. ಇಂಥವರಲ್ಲಿ ಕೆಲವೊಮ್ಮೆ ಅದೇ ಬಗೆಯ ದಾಳಿ ಕೇಶಕೂಪಗಳ ಮೇಲೂ ನಡೆಯುತ್ತದೆ. ಆಗ ಎಲ್ಲ ಕಡೆ ತೆಳುವಾಗುವ ಬದಲು, ರೂಪಾಯಿ ನಾಣ್ಯದಷ್ಟು ಜಾಗ ದುಂಡಗೆ ನುಣ್ಣಗೆ ಬೋಳಾಗುತ್ತದೆ. ‘ಹುಳ ತಿಂದಿದೆ’ ಎಂದು ನಮ್ಮಲ್ಲಿ ಹೇಳುವುದುಂಟು. ಹುಳದ ಪಾತ್ರ ಇದರಲ್ಲಿಲ್ಲ; ಅಲೋಪೇಶಿಯಾ ಏರಿಯೇಟಾ ಎಂಬ ಈ ತೊಂದರೆಗೆ ಚರ್ಮರೋಗ ತಜ್ಞರಲ್ಲಿ ಬೇರೆಯೇ ಚಿಕಿತ್ಸೆ ಇದೆ. ಥೈರಾಯ್ಡ್ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ.

ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಅಥವಾ ಗಂಡಸರಲ್ಲಿ ಹಣೆ ಹಿಂದೆ ಸರಿಯುತ್ತಿದ್ದರೆ, ಅದು ಬಹುಮಟ್ಟಿಗೆ ವಂಶದಿಂದ ಬಂದದ್ದು.

ಬಾಣಂತಿಯರ ಕೂದಲು

‘ಮಗು ಮುಖ ನೋಡಿ ನಗಲು ಶುರುಮಾಡಿದರೆ ತಾಯಿಯ ಕೂದಲು ಉದುರುತ್ತದೆ’ ಎಂದು ಅಜ್ಜಿಯಂದಿರು ಹೇಳುವುದನ್ನು ಕೇಳಿದ್ದೇನೆ. ನಗುವಿಗೂ ಕೂದಲಿಗೂ ಸಂಬಂಧವಿಲ್ಲ, ಆದರೆ ಅವರು ಗಮನಿಸಿದ ಕಾಲ ಸರಿಯಾಗಿದೆ. ಬಸುರಿನಲ್ಲಿ ಹಾರ್ಮೋನುಗಳು ಕೂದಲನ್ನು ಬೆಳೆಯುವ ಹಂತದಲ್ಲೇ ಹಿಡಿದಿಟ್ಟಿರುತ್ತವೆ, ಜಡೆ ದಪ್ಪವಾಗಿ ಕಾಣುತ್ತದೆ. ಹೆರಿಗೆಯಾದೊಡನೆ ಆ ಹಿಡಿತ ಸಡಿಲಿಸಿ ಬಾಕಿ ಉಳಿದ ಕೂದಲೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ, ಸುಮಾರು 3 ತಿಂಗಳಿಗೆ ಉದುರುತ್ತದೆ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆದರೆ ಹೆರಿಗೆಯಾದ ಮೊದಲ ವರ್ಷದಲ್ಲಿ ಕೆಲವು ತಾಯಂದಿರ ಥೈರಾಯ್ಡ್ ಊದಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಹಾರ್ಮೋನು ಸೋರಿ ಹೆಚ್ಚಾಗಬಹುದು, ಆಮೇಲೆ ಕಡಿಮೆಯಾಗಬಹುದು. ಎದೆ ಡವಗುಟ್ಟುವುದು, ವಿಪರೀತ ಸುಸ್ತು, ಮನಸ್ಸು ಕುಗ್ಗುವುದು ಎಲ್ಲವೂ ‘ಬಾಣಂತನದಲ್ಲಿ ಇದ್ದದ್ದೇ, ಮಗು ರಾತ್ರಿ ನಿದ್ದೆ ಕೊಡಲ್ಲ’ ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ. ಮಗುವಿನ ಲಸಿಕೆಗೆ ತಪ್ಪದೆ ಆಸ್ಪತ್ರೆಗೆ ಹೋಗುವ ತಾಯಿ ತನಗಾಗಿ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ಮನೆಯವರು ನೆನಪಿಸಬೇಕಾದ ಜಾಗ ಇದು.

ಮಾತ್ರೆ ಶುರುವಾದ ಮೇಲೆ

ಹೈಪೋಥೈರಾಯ್ಡಿಸಂಗೆ ಕೊಡುವುದು ಲಿವೋಥೈರಾಕ್ಸಿನ್, ಅಂದರೆ ಗ್ರಂಥಿ ತಯಾರಿಸಬೇಕಿದ್ದ ಅದೇ ಟಿ4. ಇದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬಾರದು. ‘ಏನೂ’ ಎಂಬುದರಲ್ಲಿ ಕಾಫಿಯೂ ಸೇರಿದೆ. ನಮ್ಮ ಮನೆಗಳಲ್ಲಿ ಹೆಚ್ಚು ತಪ್ಪುವುದು ಇಲ್ಲೇ. ಮಾತ್ರೆ ಬಾಯಿಗೆ ಹಾಕಿ ಎರಡೇ ನಿಮಿಷಕ್ಕೆ ಫಿಲ್ಟರ್ ಕಾಫಿ ಕುಡಿದರೆ ಔಷಧ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಬೆಳಗಿನ ಕಾಫಿ ಬಿಡಲು ಆಗದವರಿಗೆ ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ ತೆಗೆದುಕೊಳ್ಳುವ ದಾರಿಯೂ ಇದೆ, ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬಹುದು. ಬಾಟಲಿಯನ್ನು ಒಲೆಯ ಪಕ್ಕದ ಗೂಡಿನಲ್ಲಿಡಬೇಡಿ. ಶಾಖ, ತೇವ, ಬೆಳಕು ಮೂರೂ ಈ ಔಷಧವನ್ನು ಕೆಡಿಸುತ್ತವೆ. ‘ಥೈರಾಯ್ಡ್‌ಗೆ ಆಗದು’ ಎಂದು ಕೆಲವರು ಹೇಳುವ ಹೂಕೋಸು, ಎಲೆಕೋಸನ್ನು ಪೂರ್ತಿ ಬಿಡಬೇಕಿಲ್ಲ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಪಲ್ಯ ಮಾಡಿ ತಿನ್ನುವಷ್ಟು ಪ್ರಮಾಣದಿಂದ ತೊಂದರೆಯಿಲ್ಲ.

ಈ ಔಷಧ ದೇಹದಲ್ಲಿ ನಿಧಾನವಾಗಿ ನೆಲೆಗೊಳ್ಳುತ್ತದೆ. ಅದಕ್ಕೇ ಮುಂದಿನ ಟಿಎಸ್‌ಎಚ್ ಪರೀಕ್ಷೆ 6ರಿಂದ 8 ವಾರ ಬಿಟ್ಟು. ಕೂದಲು ಅದಕ್ಕಿಂತ ನಿಧಾನ. ಮಾತ್ರೆ ಶುರುಮಾಡುವ ಹೊತ್ತಿಗೆ ವಿಶ್ರಾಂತಿಗೆ ಹೋಗಿದ್ದ ಕೂದಲು ಏನೇ ಮಾಡಿದರೂ ಉದುರಿಯೇ ಉದುರುತ್ತದೆ. ಬುಡದಲ್ಲಿ ಹೊಸತು ಚಿಗುರಿದಾಗ ಹಳೆಯದು ಬೀಳುವುದೇ ಕ್ರಮ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಉದುರುವುದು ಹಾಗೇ ಮುಂದುವರಿಯಬಹುದು, ಒಮ್ಮೊಮ್ಮೆ ಹೆಚ್ಚೂ ಆಗಬಹುದು. ‘ಈ ಮಾತ್ರೆ ತಗೊಂಡ ಮೇಲೇ ಕೂದಲು ಹೋಯ್ತು’ ಎಂದು ಬಿಟ್ಟುಬಿಡುವವರು ಬಿಡುವುದು ಈ ಹೊತ್ತಿನಲ್ಲೇ, ಚಿಗುರು ಬರುವ ಸಮಯಕ್ಕೆ ಸರಿಯಾಗಿ. ಹಾಗೆಂದು ಬೇಗ ಬೆಳೆಯಲಿ ಎಂದು ಪ್ರಮಾಣ ಹೆಚ್ಚಿಸಿಕೊಳ್ಳುವುದೂ ಸಲ್ಲ. ಔಷಧ ಹೆಚ್ಚಾದರೆ ಹೈಪರ್‌ಥೈರಾಯ್ಡಿಸಂನ ತೊಂದರೆಗಳೆಲ್ಲ ಬರುತ್ತವೆ, ಕೂದಲೂ ಉದುರುತ್ತದೆ, ಹೃದಯ ಮತ್ತು ಮೂಳೆಗೂ ಪೆಟ್ಟು.

ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಉದುರುವುದು ತಗ್ಗಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಜಡೆಯ ದಪ್ಪ ಕೈಗೆ ಗೊತ್ತಾಗಲು ಒಂದು ವರ್ಷವೇ ಆಗಬಹುದು. ಸೊಂಟದವರೆಗಿನ ಕೂದಲಿಗೆ ಇನ್ನೂ ಹಲವು ವರ್ಷ.

ಆದರೆ ಗುರುತು ಅದಕ್ಕಿಂತ ಮುಂಚೆಯೇ ಸಿಗುತ್ತದೆ. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಪಕ್ಕ ಕನ್ನಡಿ ಹಿಡಿದು ಹಣೆಯಂಚನ್ನೂ ಬೈತಲೆಯ ಅಕ್ಕಪಕ್ಕವನ್ನೂ ನೋಡಿ. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಮಲಗದೆ ನೆಟ್ಟಗೆ ನಿಂತ, ತುದಿ ಚೂಪಾದ ಪುಟ್ಟ ಕೂದಲು ಕಾಣುತ್ತವೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅವು 3 ಸೆಂಟಿಮೀಟರ್ ಇದ್ದರೆ, ಆ ಕೇಶಕೂಪಗಳು ಮತ್ತೆ ಕೆಲಸಕ್ಕೆ ಬಂದು ಆಗಲೇ ಮೂರು ತಿಂಗಳಾಗಿದೆ.